ಬುಧವಾರದ ಕೊನೆಯ ಪೀರಿಯಡ್

ನಮ್ಮ ಕನ್ನಡ ಮಾಷ್ಟ್ರು ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಮೇಲೆ ರಾತ್ರಿಯಿಡೀ ಒಬ್ಬೊಬ್ಬರೂ ನೆನಪು ಬರೆಯುತ್ತಲೇ ಇದ್ದರು. ಕಂದಪದ್ಯದ ಬಗ್ಗೆಯಾಗಲಿ, ಸಂಧಿ ಸಮಾಸಗಳ ಬಗ್ಗೆಯಾಗಲಿ ಒಬ್ಬರೂ ಬರೆಯಲಿಲ್ಲ. ಎಲ್ಲರೂ ಬರೆದದ್ದು ಬಸ್ಸಿನ ಕತೆಯನ್ನೇ.

ಮಾಷ್ಟ್ರ ಅಜ್ಜ ಮಂಗಳೂರಿನ ಜೆಪ್ಪುವಿನಲ್ಲಿ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. 1834ರಲ್ಲಿ ಮಿಷನ್ನಿನವರು ಮಂಗಳೂರಿಗೆ ಬಂದದ್ದು, 1843ರಲ್ಲಿ ಅದೇ ಮಿಷನ್ನಿನ ಪಾದ್ರಿ ಮೋಗ್ಲಿಂಗ್ ಇಲ್ಲಿಯೇ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, ಇವೆಲ್ಲ ಮಾಷ್ಟ್ರ ಬಾಯಲ್ಲಿ ಮನೆಯ ಸಂಗತಿಗಳಂತೆ ಬರುತ್ತಿದ್ದವು. ಅವರು ಹುಟ್ಟು ಶಾಂತಮೂರ್ತಿಯೇನಲ್ಲ. ಸಿಟ್ಟು ಬಂದರೆ ಕಿವಿ ಕೆಂಪಾಗುತ್ತಿತ್ತು. ಆಗ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಾ ನಿಲ್ಲುತ್ತಿದ್ದರು. ಒರೆಸಿ ಮುಗಿಯುವವರೆಗೆ ಬಾಯಿ ತೆರೆಯುತ್ತಿರಲಿಲ್ಲ. ಅವರ ತಾಳ್ಮೆಯ ಹಿಂದೆ ಎಷ್ಟು ಶ್ರಮವಿದೆಯೆಂದು ನಮಗೆ ಕಣ್ಣಾರೆ ಕಾಣುತ್ತಿತ್ತು. ಅದಕ್ಕೇ ಅದರ ಮೇಲೆ ನಂಬಿಕೆ ಬಂತು.

ಇನ್ನು ಬಸ್ಸು. ಎಂಬತ್ತರ ದಶಕದ ಮಂಗಳೂರಿನಲ್ಲಿ ಶಾಲಾ ಮಕ್ಕಳೆಂದರೆ ಖಾಸಗಿ ಬಸ್ಸಿನವರಿಗೆ ಅಷ್ಟಕ್ಕಷ್ಟೆ. ರಿಯಾಯಿತಿ ಟಿಕೆಟ್ಟಿನವರು ಎಲ್ಲರೂ ಹತ್ತಿದ ಮೇಲೆ ಹತ್ತಬೇಕು, ಸೀಟು ಖಾಲಿಯಿದ್ದರೂ ಕೂರಬಾರದು. ಸಂಜೆಯ ಬಸ್ಸಿನ ಕಂಡಕ್ಟರ್ ಒಬ್ಬ ನಮ್ಮನ್ನು ಕತ್ತೆಗಳೆಂದೇ ಕರೆಯುತ್ತಿದ್ದ. ಒಂದು ದಿನ ಹಂಪನಕಟ್ಟೆಯಲ್ಲಿ ಹತ್ತಿದ ನಾವೆಲ್ಲ ಮೊದಲೇ ಮಾತಾಡಿಕೊಂಡು, ಟಿಕೆಟ್ಟಿನ ದುಡ್ಡನ್ನು ಐದು ಪೈಸೆಯ ನಾಣ್ಯಗಳಲ್ಲಿಯೇ ಕೊಟ್ಟೆವು. ಅವನ ಚರ್ಮದ ಚೀಲ ತುಂಬಿತು, ಲೆಕ್ಕ ತಪ್ಪಿತು, ಮತ್ತೆ ಎಣಿಸಿದ, ಮತ್ತೆ ತಪ್ಪಿತು. ನಮ್ಮ ಸಂತೋಷಕ್ಕೆ ಪಾರವೇ ಇರಲಿಲ್ಲ. ಮರುದಿನ ದೂರು ಶಾಲೆಗೆ ಬಂತು.

ಮಾಷ್ಟ್ರು ನಮಗೆ ಬೆತ್ತ ತೋರಿಸಲಿಲ್ಲ. ಸಂಜೆ ನಮ್ಮೊಂದಿಗೆ ಅದೇ ಬಸ್ಸಿಗೆ ಬಂದರು, ನಮ್ಮಂತೆಯೇ ಕೊನೆಗೆ ಹತ್ತಿದರು. ಬಾಗಿಲಲ್ಲಿ ನಿಂತರೆಂದು ಅವರಿಗೂ ಬೈಗುಳ ಬಿತ್ತು. ಕಿವಿ ಕೆಂಪಾಯಿತು, ಕನ್ನಡಕ ಕೈಗೆ ಬಂತು. ಆಮೇಲೆ ತುಳುವಿನಲ್ಲಿ ಕೇಳಿದರು: ಬೆಳಿಗ್ಗೆ ಎಷ್ಟು ಗಂಟೆಗೆ ಡ್ಯೂಟಿಗೆ ಹತ್ತಿದ್ದು, ಮಧ್ಯಾಹ್ನ ಊಟವಾಯಿತೇ ಎಂದು. ಕಂಡಕ್ಟರ್ ಒಂದು ಕ್ಷಣ ಸುಮ್ಮನಾದ. ಐದೂವರೆಗೆ ಹತ್ತಿದ್ದೆಂದ. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಜನರನ್ನು ಎತ್ತಿಕೊಂಡು ಹೋಗುತ್ತಾನೆ, ಕಲೆಕ್ಷನ್ ಇಳಿದರೆ ಧಣಿಗೆ ಉತ್ತರ ಹೇಳಬೇಕು, ನಿನ್ನೆ ಚಿಲ್ಲರೆಯ ಗದ್ದಲದಲ್ಲಿ ಕೈಯಿಂದ ದುಡ್ಡು ತುಂಬಿದೆ ಎಂದ. ಮಾಷ್ಟ್ರು ಪೂರ್ತಿ ಕೇಳಿಸಿಕೊಂಡು, ಕಡಿಮೆ ಬಿದ್ದ ದುಡ್ಡನ್ನು ಜೇಬಿನಿಂದ ತೆಗೆದುಕೊಟ್ಟರು. ಕೊಟ್ಟ ಮೇಲೆ ಹೇಳಿದರು: “ಮಕ್ಕಳಿಗೆ ಹೆಸರುಗಳಿವೆ. ಕತ್ತೆಗಳೆಂದು ಕರೆಯುವುದು ಸರಿಯಲ್ಲ.” ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಬುಧವಾರದ ಕೊನೆಯ ಪೀರಿಯಡ್ ನೀತಿಪಾಠ. ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳೆಲ್ಲ ಒಟ್ಟಿಗೆ ಕೂರುತ್ತಿದ್ದೆವು. ಆ ವಾರ ಅವರು ಯೋಹಾನನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯ ತೆಗೆದರು. ಅನ್ನನೆಂಬ ಯೆಹೂದಿ ಯಾಜಕನ ಮುಂದೆ ವಿಚಾರಣೆ ನಡೆಯುವಾಗ ಓಲೇಕಾರನೊಬ್ಬ ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ. ಇನ್ನೊಂದು ಕೆನ್ನೆಯನ್ನೂ ಒಡ್ಡು ಎಂದು ಬೆಟ್ಟದ ಮೇಲೆ ಬೋಧಿಸಿದವರು ಇಲ್ಲಿ ಏನು ಮಾಡಿದರು? ತಿರುಗಿ ಹೊಡೆಯಲಿಲ್ಲ, ಶಪಿಸಲಿಲ್ಲ. ಹಾಗೆಂದು ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ನಾನು ಆಡಿದ್ದು ತಪ್ಪಾದರೆ ತೋರಿಸು, ಸರಿಯಾದರೆ ಏಕೆ ಹೊಡೆಯುತ್ತೀ ಎಂದು ಕೇಳಿದರು. ಹೊಡೆದವನನ್ನೂ ಉತ್ತರ ಕೊಡಬಲ್ಲ ಮನುಷ್ಯನೆಂದು ಎಣಿಸಿದವರು ಮಾತ್ರ ಹಾಗೆ ಕೇಳಬಲ್ಲರು ಎಂದು ಮಾಷ್ಟ್ರು ಹೇಳಿದರು. ನಾನು ಚರ್ಚಿಗೆ ಹೋಗುವವಳಲ್ಲ. ಆದರೂ ಆ ಪ್ರಶ್ನೆಯನ್ನು ನನ್ನೊಂದಿಗೆ ಇಟ್ಟುಕೊಂಡೇ ಬದುಕಿದ್ದೇನೆ.

ಬ್ಯಾಂಕಿನ ಕೌಂಟರಿನಲ್ಲಿ ಅದು ನನಗೆ ಬಹಳ ಒದಗಿತು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ, ಬದಲಾಯಿಸಿಕೊಡಲು ಮೊದಲು ಇದ್ದ ಮಿತಿ 4,000 ರೂಪಾಯಿ. ಹಿರಿಯರೊಬ್ಬರು ಅರ್ಜಿಯನ್ನು ನನ್ನ ಮುಖಕ್ಕೆಸೆದು, ಇದೇನು ನಿನ್ನಪ್ಪನ ದುಡ್ಡೇ ಎಂದರು. ಎಷ್ಟು ಹೊತ್ತಿನಿಂದ ನಿಂತಿದ್ದೀರಿ ಎಂದು ಕೇಳಿದೆ. ಬೆಳಗಿನಿಂದ ಎಂದರು. ಹೆಂಡತಿ ಖಾಸಗಿ ಆಸ್ಪತ್ರೆಯಲ್ಲಿದ್ದರು, ಅಲ್ಲಿ ಹಳೆಯ ನೋಟು ತೆಗೆದುಕೊಳ್ಳುತ್ತಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಚೆಕ್ ಸ್ವೀಕರಿಸಲು ಒಪ್ಪಿಸಿದೆ. ನನ್ನ ಅಪ್ಪನನ್ನು ಎಳೆದು ತಂದದ್ದು ನೋವಾಯಿತೆಂದೂ ಅವರಿಗೆ ಹೇಳಿದೆ. ಆ ದಿನಗಳಲ್ಲಿ ನಮ್ಮ ಶಾಖೆಯ ಒಂದು ಜಗಳವೂ ಪೊಲೀಸರವರೆಗೆ ಹೋಗಲಿಲ್ಲ. ಮೇಲಿನವರು ಅದನ್ನು ಗುರುತಿಸಿ ಮೆಚ್ಚುಗೆಯ ಪತ್ರ ಕಳಿಸಿದರು. ಅದನ್ನು ಮಾಷ್ಟ್ರಿಗೆ ಓದಿ ಹೇಳಿದಾಗ ಅವರು ಕೇಳಿದ್ದು, ಆ ಹೆಂಗಸು ಗುಣವಾದರೇ ಎಂದು.

ಈಗ ಅನೇಕ ಶಾಲೆಗಳಲ್ಲಿ ನೀತಿಪಾಠದ ಪೀರಿಯಡ್ ಹತ್ತನೆಯ ತರಗತಿಯ ಗಣಿತಕ್ಕೆ ಹೋಗಿದೆ. ಗಣಿತ ಬೇಡವೆನ್ನುವವಳಲ್ಲ ನಾನು, ಅದರಿಂದಲೇ ಅನ್ನ ತಿಂದವಳು. ಆದರೆ ನೂರಕ್ಕೆ ನೂರು ತೆಗೆದ ಮಕ್ಕಳು ಹೋಟೆಲಿನ ಮಾಣಿಯನ್ನು ಗದರಿಸುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಬಿರುಸಾಗಿ ಮಾತನಾಡಿದವರಿಗೆ ಏನು ಉತ್ತರಿಸಬೇಕೆಂದು ಅವರಿಗೆ ಕಲಿಸಿದವರು ಯಾರು?

ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಷ್ಟ್ರ ಹೆಸರಿನಲ್ಲಿ ಕಲ್ಲಿನ ಫಲಕ ಹಾಕಿಸೋಣವೆಂದರು. ನಾನು ಬುಧವಾರದ ಕೊನೆಯ ಪೀರಿಯಡ್ ಕೇಳಿದೆ. ಕೊಟ್ಟರೆ ಸಂಬಳವಿಲ್ಲದೆ ಪ್ರತಿ ವಾರ ನಾನೇ ಬಂದು ಪಾಠ ಮಾಡುತ್ತೇನೆ. ಜೂನ್‌ನಲ್ಲಿ ವೇಳಾಪಟ್ಟಿ ಹಾಕುವಾಗ ನೋಡೋಣವೆಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ.