ಹನ್ನೊಂದು ಸೆಕೆಂಡು

ಇವತ್ತು ಲ್ಯಾಬಲ್ಲಿ ನನಗೆ ಒಂದೇ ಕೆಲಸ. ಸ್ಟಾಪ್‌ವಾಚ್ ಹಿಡಿದು, ಇಲಿ ಯಾವಾಗ ಪಾದ ನೆಕ್ಕುತ್ತದೆ ಅಂತ ನೋಡುವುದು.

ಬಿಸಿ ತಟ್ಟೆ, 55 ಡಿಗ್ರಿ. ಪಾದ ನೆಕ್ಕಿತು ಅಂದರೆ ನೋವು ಗೊತ್ತಾಯಿತು ಅಂತ. ತಕ್ಷಣ ಎತ್ತಬೇಕು. ನೆಕ್ಕದಿದ್ದರೂ 15 ಸೆಕೆಂಡಿಗೆ ಎತ್ತಲೇಬೇಕು, ಇಲ್ಲದಿದ್ದರೆ ಪಾದ ಸುಡುತ್ತದೆ.

ಮದ್ದು ಕೊಡದ ಇಲಿ 4 ಸೆಕೆಂಡಿಗೇ ನೆಕ್ಕಿತು. ಲಕ್ಕಿ ಸೊಪ್ಪಿನ ಎಕ್ಸ್‌ಟ್ರಾಕ್ಟ್ ಕೊಟ್ಟದ್ದು 11ರವರೆಗೆ ನಿಂತಿತು. ಒಂದೇ ಇಲಿ ನೋಡಿ ಏನೂ ಹೇಳುವ ಹಾಗಿಲ್ಲ, ಗೊತ್ತು. ಆದರೂ ಬರೆದುಕೊಳ್ಳುವಾಗ ಕೈ ನಡುಗಿತು.

ಚಿತ್ರದುರ್ಗದ ನಮ್ಮ ಮನೆಯಲ್ಲಿ ಬಾಣಂತಿಯರಿಗೆ ಅಜ್ಜಿ ಹಾಕುತ್ತಿದ್ದದ್ದು ಇದೇ ಸೊಪ್ಪು ಕುದಿಸಿದ ನೀರು. "ಮೈಕೈ ನೋವು ಇಳೀತದೆ ಕಣಮ್ಮ" ಅನ್ನುತ್ತಿದ್ದರು. ಆ ಮಾತನ್ನೇ ಈಗ ಸೆಕೆಂಡಲ್ಲಿ ಅಳೆಯುತ್ತಿದ್ದೇನೆ, ಅಲ್ವಾ?

ಅಜ್ಜಿ ಶುಗರ್‌ಗೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಗಲೀಗ ಅನ್ನುವ ಒಂದು ಗಿಡ. ಆ ಗಿಡವನ್ನು ಹಾಗೇ ಮೇಯ್ದ ಕುರಿಗಳಿಗೆ ವಿಷ. ಎಷ್ಟು ಜನ ಎಷ್ಟು ಸಲ ಅಳೆದಿರಬೇಕು, ಅದು ಮಾತ್ರೆಯಾಗುವುದಕ್ಕೆ!

ಮುಂದಿನ ವಾರ ಮಧುನಾಶಿನಿ, ಶುಗರ್‌ಗೆ ಅಂತ ಬಳಸುವ ಬಳ್ಳಿ. ಎಲೆ ಅಗಿದರೆ ಸಕ್ಕರೆ ಸಪ್ಪೆ ಅನ್ನಿಸುತ್ತದೆ, ಅದು ನಾಲಿಗೆಯ ಮಾತು. ರಕ್ತ ಏನು ಹೇಳುತ್ತದೋ ನೋಡಬೇಕು.

ಇಲಿಯನ್ನು ಗೂಡಿಗೆ ಬಿಟ್ಟೆ. ಮೂಲೆಗೆ ಹೋಗಿ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡಿತು. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ನಿಂತೆ.