‘ಕಾಣದ್ದು’ ಎಂಬ ಕಲಂ

ನಮ್ಮ ನಿಸರ್ಗ ಸಂಘದ ಮೊದಲ ನೋಟ್‌ಬುಕ್ಕಿಗೆ ನೀಲಿ ರಟ್ಟು. ಒಳಗೆ ಸಸ್ಯಶಾಸ್ತ್ರದ ಮೇಷ್ಟ್ರು ತಾವೇ ಗೆರೆ ಎಳೆದು ಐದು ಕಲಂ ಮಾಡಿಕೊಟ್ಟಿದ್ದರು: ದಿನಾಂಕ, ಹೊತ್ತು, ಹವೆ, ಕಂಡದ್ದು, ಕಾಣದ್ದು. ಕೊನೆಯದು ಯಾಕೆಂದು ನಮಗ್ಯಾರಿಗೂ ತಿಳಿಯಲಿಲ್ಲ. “ಕಾಣದೇ ಇರೋದನ್ನ ಹೇಗೆ ಬರೆಯೋದು ಸರ್?” ಎಂದು ನಾನೇ ಕೇಳಿದೆ. “ಹೋದ ಸಲ ಕಂಡಿದ್ದು ಈ ಸಲ ಕಾಣದಿದ್ರೆ ಅದನ್ನೂ ಬರೀಬೇಕಮ್ಮ. ಬರೆಯದೆ ಬಿಟ್ಟರೆ, ಅದು ಇರಲಿಲ್ವೋ ನೀವು ಹುಡುಕಲಿಲ್ವೋ ಅಂತ ನಿಮ್ಮ ಹಿಂದೆ ಬರೋರಿಗೆ ಹೇಗೆ ಗೊತ್ತಾಗಬೇಕು?” ಎಂದರು.

ಹದಿನೈದು ಜನ ಸ್ವಯಂಸೇವಕರು, ಎರಡು ವಾರಕ್ಕೊಮ್ಮೆ ಭಾನುವಾರ. ಸಂಘಕ್ಕೆ ಸೇರಿದರೆ ಮೊದಲ ದಿನವೇ ಗುಂಡಿ ತೋಡಿ ಸಸಿ ನೆಡಿಸುತ್ತಾರೆಂದು ಅಂದುಕೊಂಡಿದ್ದೆ. ಮೊದಲ ನಾಲ್ಕು ತಿಂಗಳು ಮೇಷ್ಟ್ರು ನಮ್ಮ ಕೈಗೆ ಗುದ್ದಲಿ ಕೊಡಲೇ ಇಲ್ಲ. ಪ್ರಯೋಗಾಲಯದ ಹಿಂದಿನಿಂದ ಹೊಂಡದವರೆಗೆ ಒಂದೇ ದಾರಿ, ಒಂದೇ ಹೊತ್ತು, ಒಂದೇ ನಡಿಗೆ. ಚಿಟ್ಟೆ ಎಣಿಸುವಾಗ ಎಡಕ್ಕೆ 2.5 ಮೀಟರ್, ಬಲಕ್ಕೆ 2.5 ಮೀಟರ್, ಮುಂದೆ 5 ಮೀಟರ್. ಅದರ ಆಚೆ ಎಂಥ ಅಪರೂಪದ ಚಿಟ್ಟೆ ಹಾರಿದರೂ ಲೆಕ್ಕಕ್ಕಿಲ್ಲ. ಬ್ರಿಟನ್ನಿನಲ್ಲಿ 1976ರಿಂದ ಸಾಮಾನ್ಯ ಜನ ಹೀಗೆಯೇ ನಡೆದು ಚಿಟ್ಟೆ ಎಣಿಸುತ್ತ ಬಂದಿದ್ದಾರೆಂದು ಅವರು ಹೇಳಿದಾಗ ನಮ್ಮ ಆ ಪುಟ್ಟ ಕಾಲುದಾರಿಗೂ ಒಂದು ತೂಕ ಬಂದಂತಾಯಿತು.

ಇನ್ನೊಂದು ದಿನ ಹೊಂಡದ ಕಟ್ಟೆಯ ಮೇಲೆ ಕೂತು ಅವರು ಹೇಳಿದ ಕಥೆ ನನಗೆ ಈಗಲೂ ಇಷ್ಟ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಬಂದೂಕು ಹಿಡಿದು, ಯಾರು ಹೆಚ್ಚು ಹಕ್ಕಿ ಹೊಡೆಯುತ್ತಾರೆಂದು ಪಂದ್ಯ ಕಟ್ಟುವ ರೂಢಿ ಇತ್ತಂತೆ. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞ, ಹೊಡೆಯುವ ಬದಲು ಎಣಿಸೋಣ ಬನ್ನಿ ಎಂದು ಕರೆದ. ಆ ವರ್ಷ ಬಂದವರು 27 ಜನ. ಆ ಎಣಿಕೆ ಇವತ್ತಿಗೂ ನಿಂತಿಲ್ಲ. “ಇಪ್ಪತ್ತೇಳು ಜನ ಸಾಕಾಯ್ತು ನೋಡಿ” ಎಂದು ಮೇಷ್ಟ್ರು ನಮ್ಮ ಹದಿನೈದು ಮುಖಗಳನ್ನು ಒಂದೊಂದಾಗಿ ನೋಡಿದ್ದರು.

ಎರಡನೇ ವರ್ಷದ ಮಳೆಗಾಲ ಮುಗಿದ ಮೇಲೆ ನಡೆದದ್ದನ್ನು ಬರೆಯಲೇಬೇಕು.

ಹೊಂಡದ ಸುತ್ತ ಲಂಟಾನ ಎಂಬ ಕಳೆಗಿಡ ದಟ್ಟವಾಗಿ ಹಬ್ಬಿತ್ತು. ಬುಡ ಕಡಿದರೆ ಮತ್ತೆ ಚಿಗುರುತ್ತದೆ. ಮಣ್ಣು ಬಿಡಿಸಿ, ಚಿಗುರುವ ಭಾಗದ ಕೆಳಗೆ ತಾಯಿಬೇರನ್ನೇ ಕತ್ತರಿಸಿ, ಗಿಡವನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಅಷ್ಟು ಕಲಿತಿದ್ದೆವು. ಮೇಷ್ಟ್ರು ಊರಲ್ಲಿರದ ಒಂದು ಭಾನುವಾರ ನಾವೇ ಉತ್ಸಾಹದಿಂದ ಇಳಿದು ಮಧ್ಯಾಹ್ನದೊಳಗೆ ಇಡೀ ದಂಡೆಯನ್ನು ಬಯಲು ಮಾಡಿಬಿಟ್ಟೆವು. ಲಂಟಾನಕ್ಕೆ ಸುತ್ತಿಕೊಂಡಿದ್ದ ಬಳ್ಳಿಗಳನ್ನೂ ಬೇರುಸಹಿತ ಎಳೆದು ರಾಶಿ ಹಾಕಿದೆವು.

ಅದರಲ್ಲಿ ಈಶ್ವರಿ ಬಳ್ಳಿಯೂ ಇತ್ತು. ಕ್ರಿಮ್ಸನ್ ರೋಸ್ ಎಂಬ ಕಪ್ಪು ರೆಕ್ಕೆಯ, ಕೆಂಪು ಮೈಯ ಚಿಟ್ಟೆ ಮೊಟ್ಟೆ ಇಡುವುದು ಆ ಜಾತಿಯ ಬಳ್ಳಿಗಳ ಮೇಲೆ ಮಾತ್ರ. ತಾಯಿ ಚಿಟ್ಟೆ ಎಲೆಯನ್ನು ಮುಂಗಾಲಿನಿಂದ ತಟ್ಟಿ ರುಚಿ ನೋಡಿ, ಇದೇ ಬಳ್ಳಿ ಎಂದು ಖಾತ್ರಿ ಮಾಡಿಕೊಂಡ ಮೇಲೇ ಮೊಟ್ಟೆ ಇಡುತ್ತದೆ. ಎಲೆಯ ವಿಷ ಮರಿಹುಳುವಿನ ಮೈಸೇರಿ ಚಿಟ್ಟೆಯಾದ ಮೇಲೂ ಉಳಿಯುತ್ತದೆ. ಹಾಗಾಗಿ ಒಮ್ಮೆ ರುಚಿ ಕಂಡ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಇಷ್ಟೆಲ್ಲ ನಮಗೆ ಗೊತ್ತಿತ್ತು. ಬಳ್ಳಿಯ ಚಿತ್ರವನ್ನು ನಾನೇ ಬರೆದು ಸಂಘದ ಕೋಣೆಯಲ್ಲಿ ಅಂಟಿಸಿದ್ದೆ. ಆದರೂ ಕೈಗೆ ಸಿಕ್ಕಾಗ ಗುರುತು ಹಿಡಿಯಲಿಲ್ಲ. ರಾಶಿಯ ಮೇಲೆ ಬಾಡುತ್ತಿದ್ದ ಎಲೆಯಿಂದ ಎಲೆಗೆ ಕೆಂಪು ಉಬ್ಬುಗಳ ಕಪ್ಪು ಮರಿಹುಳು ಹರಿಯುತ್ತಿದ್ದುದನ್ನು ಕಂಡಾಗ ಹೊತ್ತು ಮೀರಿತ್ತು.

ಮೇಷ್ಟ್ರು ಬಂದರು, ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು. ನೋಟ್‌ಬುಕ್ಕನ್ನು ನನ್ನ ಕೈಗಿತ್ತು, “ಬರಿ” ಎಂದರು, ಅಷ್ಟೇ. ‘ಕಾಣದ್ದು’ ಕಲಮಿನಲ್ಲಿ ‘ಕ್ರಿಮ್ಸನ್ ರೋಸ್’ ಎಂದು ಬರೆದೆ. ಮುಂದಿನ ಭಾನುವಾರವೂ ಅದೇ. ಅದರ ಮುಂದಿನದೂ ಅದೇ.

ಆಮೇಲೆ ನಮ್ಮ ಪದ್ಧತಿಯೇ ಬದಲಾಯಿತು. ಯಾವ ಗಿಡ ಕೀಳುವ ಮುನ್ನವೂ ಇಬ್ಬರು ಬಂದು ಎಲೆ ಮಗುಚಿ ನೋಡಬೇಕು. ಲಂಟಾನವನ್ನೂ ಒಂದೇ ಏಟಿಗೆ ತೆಗೆಯುವಂತಿಲ್ಲ. ಅದರ ಪೊದೆಯಲ್ಲೂ ಹಕ್ಕಿ ಗೂಡು ಕಟ್ಟಿರುತ್ತದೆ. ಒಂದು ಪಟ್ಟಿ ತೆಗೆದು, ಅಲ್ಲಿ ಬೇರೆ ಗಿಡ ಮೇಲೆದ್ದ ಮೇಲೆ ಇನ್ನೊಂದು ಪಟ್ಟಿ. ಬೇಲಿಯಾಚೆ ಈಶ್ವರಿ ಬಳ್ಳಿಯ ಒಣಗಿದ ಕಾಯಿಗಳು ಪುಟ್ಟ ತಲೆಕೆಳಗಾದ ಕೊಡೆಗಳಂತೆ ಬಿರಿದು ತೂಗುತ್ತಿದ್ದವು. ತೆಳ್ಳನೆಯ ಬೀಜ ಆಯ್ದು ತಂದು ಬಿತ್ತಿದೆವು. ಹುಟ್ಟಿದ್ದು ಕೆಲವೇ. ಅವು ಬೇಲಿ ಹತ್ತುವ ಮೊದಲೇ ನಮ್ಮ ಪರೀಕ್ಷೆ ಮುಗಿದು, ನೋಟ್‌ಬುಕ್ಕನ್ನು ಕಿರಿಯರಿಗೆ ಕೊಟ್ಟು ಹೊರಟೆವು. ನನ್ನ ಕೈಬರಹದ ಕೊನೆಯ ಸಾಲಿನಲ್ಲೂ ಆ ಚಿಟ್ಟೆ ‘ಕಾಣದ್ದು’ ಕಲಮಿನಲ್ಲೇ ಇತ್ತು.

ಈ ವರ್ಷ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಬಂದಾಗ ಮೊದಲು ಹೋದದ್ದು ಸಂಘದ ಕೋಣೆಗೆ. ಎಣಿಕೆಯೆಲ್ಲ ಈಗ ಮೊಬೈಲಿನಲ್ಲಿ. ಆದರೂ ನೋಟ್‌ಬುಕ್ ಬಿಟ್ಟಿಲ್ಲ. ಬೀರುವಿನಿಂದ ನೀಲಿ ರಟ್ಟಿನದನ್ನು ತೆಗೆದು, ನನ್ನ ಕೊನೆಯ ಪುಟದಿಂದ ಮುಂದಕ್ಕೆ ಮಗುಚುತ್ತ ಹೋದೆ. ನಾನು ನೋಡಿರದ ಯಾರದೋ ದುಂಡಗಿನ ಅಕ್ಷರ. ಭಾನುವಾರದಿಂದ ಭಾನುವಾರಕ್ಕೆ ‘ಕಾಣದ್ದು: ಕ್ರಿಮ್ಸನ್ ರೋಸ್’. ಒಂದು ಎಣಿಕೆಯನ್ನೂ ಆ ಮಗು ತಪ್ಪಿಸಿರಲಿಲ್ಲ. ಒಂಬತ್ತನೇ ಪುಟದಲ್ಲಿ ಹೆಸರು ಕಲಂ ಬದಲಿಸಿತ್ತು: ‘ಕಂಡದ್ದು: ಕ್ರಿಮ್ಸನ್ ರೋಸ್, ಹೆಣ್ಣು, 1. ಬೇಲಿಯ ಬಳ್ಳಿ. ಮೊಟ್ಟೆ 3.’

“ಅಕ್ಕಾ, ಎಣಿಕೆಗೆ ಹೊತ್ತಾಯ್ತು, ನೀವೂ ಬರ್ತೀರಾ?” ಎಂದು ಬಾಗಿಲಲ್ಲಿ ಒಬ್ಬಳು ಹುಡುಗಿ ಕೇಳಿದಳು. ಚಪ್ಪಲಿ ಮೆಟ್ಟಿ ಹೊರಟೆ. ಅವಳು ಎಡಗಡೆಯದನ್ನು ನೋಡಿದಳು, ನಾನು ಬಲಗಡೆಯದನ್ನು.