ಎರವಲು ಮಾತಿನ ಪ್ರಾರ್ಥನೆ

ಅಪ್ಪನಿಗೆ ಸ್ಟ್ರೋಕ್ ಆದದ್ದು ನಿದ್ದೆಯಲ್ಲಿ. ಬೆಳಿಗ್ಗೆ ಬಲಗೈ ಏಳಲಿಲ್ಲ, ಮಾತು ಹೊರಡಲಿಲ್ಲ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ರಾತ್ರಿ ಎಷ್ಟು ಹೊತ್ತಿಗೆ ಆಯಿತು ಅಂತ ಯಾರಿಗೆ ಗೊತ್ತು? ಮಲಗುವಾಗ ಚೆನ್ನಾಗಿದ್ದರು, ಅಷ್ಟೇ. ಹಾಗಾಗಿ ಬೈಯುವುದಕ್ಕೂ ಯಾರೂ ಸಿಗಲಿಲ್ಲ. ಬೆಂಗಳೂರಿನಲ್ಲಿ ಏನೇ ತಡವಾದರೂ ಟ್ರಾಫಿಕ್ಕನ್ನು ಬೈಯಬಹುದು. ನನಗೆ ಆ ಅನುಕೂಲವೂ ಇರಲಿಲ್ಲ. ಉಳಿದವನು ದೇವರೊಬ್ಬ.

ಅವನನ್ನೂ ಬೈಯಲಿಲ್ಲ. ಮಾತು ಬಿಟ್ಟೆ.

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ. ಬೈಬಲ್ ಓದುವುದು ಅಪ್ಪನ ಕೆಲಸ, ಪ್ರಾರ್ಥನೆಯೂ ಅವರದೇ. ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಅದು ನನ್ನ ಪಾಲಿಗೆ ಬಂತು. ಕಣ್ಣು ಮುಚ್ಚಿ ಕೂತರೆ ಒಂದು ಮಾತೂ ಬರುತ್ತಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಕಾದು ತಾನೇ 'ಆಮೆನ್' ಅಂದು ತಟ್ಟೆ ಹಾಕಲು ಏಳುತ್ತಿದ್ದಳು.

ನೋಡಲು ಬಂದ ನಮ್ಮ ಚರ್ಚಿನ ಸಭೆಯವರು ಒಳ್ಳೆಯವರೇ. ಸಾರು, ಪಲ್ಯ ಮಾಡಿಕೊಂಡು ಬಂದರು. ಆದರೆ ಹೋಗುವಾಗ ಯಾರಾದರೊಬ್ಬರು ಬಾಗಿಲಲ್ಲಿ ನಿಂತು ಹೇಳಿಯೇ ಹೇಳುತ್ತಿದ್ದರು: "ದೇವರು ತಡೆಯೋಕಾಗದಷ್ಟು ಕಷ್ಟ ಕೊಡಲ್ಲಮ್ಮ." ಇದಕ್ಕೆ ಆಧಾರ ಬೈಬಲಿನಲ್ಲಿ ಅಪೊಸ್ತಲ ಪೌಲ ಕೊರಿಂಥ ಅನ್ನುವ ಊರಿನ ಸಭೆಯವರಿಗೆ ಬರೆದ ಮೊದಲ ಪತ್ರ. ನಾನೂ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದವಳೇ. ಅಲ್ಲಿ ಪೌಲ ಮಾತಾಡುತ್ತಿರುವುದು ಶೋಧನೆಯ ಬಗ್ಗೆ, ತಪ್ಪು ದಾರಿಗೆ ಎಳೆಯುವ ಆಸೆಗಳ ಬಗ್ಗೆ. ಅದೇ ಊರಿನವರಿಗೆ ಬರೆದ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲಿ ಅದೇ ಪೌಲ, ತನ್ನ ಶಕ್ತಿ ಮೀರಿದ ಭಾರ ಬಿದ್ದು ಬದುಕುವ ಆಸೆಯೇ ಹೋಗಿತ್ತು ಅಂತಾನೆ. ಆ ವಾಕ್ಯವನ್ನು ಮಾತ್ರ ಯಾರೂ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುವುದಿಲ್ಲ.

ಹೀಗಿರುವಾಗ ಶುಭ ಶುಕ್ರವಾರ ಬಂತು, ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟದ್ದನ್ನು ನೆನೆಯುವ ಗುಡ್ ಫ್ರೈಡೇ. ನನಗೆ ಹೋಗುವ ಮನಸ್ಸಿರಲಿಲ್ಲ. "ಅಪ್ಪನ ಪರವಾಗಿ ಹೋಗಿ ಕೂತು ಬಾ, ಸಾಕು," ಅಂದಳು ಅಮ್ಮ.

ಹಡ್ಸನ್ ಚರ್ಚ್ ಬೆಂಗಳೂರಿನವರಿಗೆಲ್ಲ ಗೊತ್ತು. ಕಾರ್ಪೊರೇಷನ್ ಹತ್ತಿರ, ನಾಲ್ಕೂ ಕಡೆಯಿಂದ ಬಸ್ಸುಗಳು ಮುಗಿಬೀಳುವ ಸರ್ಕಲ್ಲಿನಲ್ಲಿ ನಿಂತಿರುವ ಕಲ್ಲಿನ ಕಟ್ಟಡ. 1904ರದು. ಆರಾಧನೆ ಕನ್ನಡದಲ್ಲಿ. ಅಪ್ಪ ಅಮ್ಮನ ಮದುವೆ ಆಗಿದ್ದೂ ಅಲ್ಲೇ. ಶುಭ ಶುಕ್ರವಾರ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಒಬ್ಬೊಬ್ಬರಾಗಿ ಪ್ರಸಂಗ ಮಾಡುತ್ತಾರೆ. ಏಪ್ರಿಲ್ ಬಿಸಿಲು, ಫ್ಯಾನಿನ ಸದ್ದು, ನಡುನಡುವೆ ಹೊರಗಿನ ಹಾರ್ನ್. ಮೊದಲ ಮೂರು ಮಾತುಗಳಲ್ಲಿ ನಾನು ಅಪ್ಪನ ಮಾತ್ರೆಗಳ ಲೆಕ್ಕ ಹಾಕುತ್ತಿದ್ದೆ.

ನಾಲ್ಕನೆಯದು, "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಅದರ ಮೇಲೆ ಮಾತಾಡಿದ್ದು ಸಭೆಯ ಒಬ್ಬರು ನಿವೃತ್ತ ಮೇಷ್ಟ್ರು. ಮೈಕ್ ಹಿಡಿದು ಅಭ್ಯಾಸವಿಲ್ಲದವರು, ಧ್ವನಿ ಅರ್ಧ ಕೇಳಿಸುತ್ತಿತ್ತು. ಅವರು ಹೇಳಿದ್ದು ಇಷ್ಟು. ಇದು ಯೇಸುವಿನ ಸ್ವಂತ ಮಾತಲ್ಲ. ಬೈಬಲಿನ ಹಳೆಯ ಹಾಡುಗಳಾದ ಕೀರ್ತನೆಗಳಲ್ಲಿ ಇಪ್ಪತ್ತೆರಡನೆಯದರ ಮೊದಲ ಸಾಲು. ಪ್ರಾಣ ಬಿಡುವಾಗ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಅಂದದ್ದೂ ಕೀರ್ತನೆಯದೇ, ಮೂವತ್ತೊಂದನೆಯದು. ನೋವು ಗಂಟಲಿಗೆ ಬಂದಾಗ ದೇವಕುಮಾರನೂ ಹೊಸ ಪ್ರಾರ್ಥನೆ ಕಟ್ಟಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಹಾಡಿನ ಸಾಲನ್ನೇ ಕೂಗಿದ.

ಈ ಕೀರ್ತನೆ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಮಧ್ಯಾಹ್ನ ಬೈಬಲ್ ತೆಗೆದು ನೋಡಿದೆ. ಹಗಲಲ್ಲಿ ಕೂಗುತ್ತೇನೆ, ನೀನು ಉತ್ತರ ಕೊಡುವುದಿಲ್ಲ ಅಂತ ಎರಡನೇ ವಚನದಲ್ಲೇ ಇದೆ. ಪುಟ ತಿರುವುತ್ತಾ ಹೋದೆ. ಹದಿಮೂರನೆಯದು, ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀಯ ಅಂತ ಶುರುವಾಗುತ್ತದೆ. ಎಂಬತ್ತೆಂಟನೆಯದಕ್ಕಂತೂ ಒಳ್ಳೆಯ ಕೊನೆಯೂ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ನೂರೈವತ್ತು ಕೀರ್ತನೆಗಳಲ್ಲಿ ಹೀಗೆ ದೂರುವವು ಎಷ್ಟೋ. ನಾನು ಬೈಯಲಾಗದೆ ನುಂಗಿಕೊಂಡದ್ದನ್ನೆಲ್ಲ ಯಾರೋ ಸಾವಿರಾರು ವರ್ಷದ ಹಿಂದೆಯೇ ಬೈದಿಟ್ಟಿದ್ದಾರೆ. ಅದನ್ನು ಪವಿತ್ರ ಗ್ರಂಥ ಅಂತ ಕರೆದು ನಾವು ಕಣ್ಣಿಗೊತ್ತಿಕೊಳ್ಳುತ್ತೇವೆ! ಅಲ್ಲೇ ಬೆಂಚಿನಲ್ಲಿ ಕೂತು ಹದಿಮೂರನೇ ಕೀರ್ತನೆಯನ್ನು ತುಟಿಯಲ್ಲೇ ಓದಿದೆ. ತುಂಬಾ ಅತ್ತೆ. ಪಕ್ಕದ ಆಂಟಿ ಏನೂ ಕೇಳದೆ ಸೆರಗು ಸರಿಮಾಡಿಕೊಂಡು ಸ್ವಲ್ಪ ಹತ್ತಿರ ಸರಿದರು. ಅವತ್ತು ಎಲ್ಲರೂ ಅಳುತ್ತಾರಲ್ಲ, ಯಾರಿಗೂ ವಿಚಿತ್ರ ಅನಿಸಲಿಲ್ಲ.

ಸಮಾಧಾನ ಅಂದರೆ ಏನೋ ಬೆಳಕು, ಪುಳಕ ಅಂದುಕೊಂಡಿದ್ದೆ. ನನಗೆ ಬಂದದ್ದು ಹಸಿವು. ಕಾರ್ಪೊರೇಷನ್ ಸ್ಟಾಪಿನಲ್ಲಿ ಉಪ್ಪು ಖಾರ ಹಚ್ಚಿದ ಸೌತೆಕಾಯಿ ಕೊಂಡು ತಿಂದೆ. ಸಾಲದೆ ಇನ್ನೊಂದು ಕೊಂಡೆ. ಅಪ್ಪ ಮಲಗಿದಾಗಿನಿಂದ ಊಟ ಸೇರಿರಲಿಲ್ಲ. ಬೈಬಲಿನಲ್ಲೂ ಪ್ರವಾದಿ ಎಲೀಯ ಸಾವು ಬೇಡುತ್ತಾ ಗಿಡದ ಕೆಳಗೆ ಮಲಗಿದಾಗ ದೇವದೂತ ಮೊದಲು ಉಪದೇಶ ಮಾಡಲಿಲ್ಲ, ಎದ್ದು ತಿನ್ನು ಅಂದ. ರೊಟ್ಟಿ, ನೀರು, ಮತ್ತೆ ನಿದ್ದೆ. ಆ ರಾತ್ರಿ ನಾನೂ ಚೆನ್ನಾಗಿ ನಿದ್ದೆ ಮಾಡಿದೆ.

ಅದರ ಮುಂಚೆ ಕುಟುಂಬ ಪ್ರಾರ್ಥನೆ. ನನ್ನ ಸ್ವಂತ ಮಾತು ಹುಡುಕುವುದನ್ನು ಬಿಟ್ಟು ಇಪ್ಪತ್ತಮೂರನೇ ಕೀರ್ತನೆ ಓದಿದೆ. "ಯೆಹೋವನು ನನಗೆ ಕುರುಬನು" ಅಂದೆ. "ಕೊರತೆಪಡೆನು" ಅಂದರು ಅಪ್ಪ. ನೀರು ಬೇಕು ಅನ್ನಲೂ ಆಗದ ಅಪ್ಪ! ತೊದಲುತ್ತಲೇ ಕೊನೆಯವರೆಗೂ ಬಂದರು. ಅಮ್ಮ ತಟ್ಟೆ ಹಾಕುವುದನ್ನು ಮರೆತಳು.

ಸ್ಪೀಚ್ ಥೆರಪಿಸ್ಟ್‌ಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಹೊಸ ವಾಕ್ಯ ಕಟ್ಟುವುದು ಕಷ್ಟವಾಗುತ್ತದಂತೆ. ಆದರೆ ಒಂದು ಎರಡು ಎಣಿಸುವುದು, ವಾರಗಳ ಹೆಸರು, ಹಾಡು, ಬಾಯಿಪಾಠದ ಪ್ರಾರ್ಥನೆ, ಇವು ಎಷ್ಟೋ ಜನರಲ್ಲಿ ಉಳಿದಿರುತ್ತವೆ. "ಅದನ್ನೇ ಹಿಡ್ಕೊಂಡು ಅಭ್ಯಾಸ ಮಾಡಿಸಿ," ಅಂದರು. ಸಭೆಯ ಕೆಲವರು ಇದನ್ನು ದೇವರು ಮಾಡಿದ ಅದ್ಭುತ ಅಂತ ಚರ್ಚಿನಲ್ಲಿ ಎಲ್ಲರ ಮುಂದೆ ಸಾಕ್ಷಿ ಹೇಳು ಅಂದರು. ನಾನು ಹೇಳಲಿಲ್ಲ. ಮಿದುಳು ಹಾಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೂ ದೇವರಿಗೆ ಕೃತಜ್ಞಳಾಗಬಹುದು, ಅಲ್ವಾ?

ಅಪ್ಪನ ಬಲಗೈ ಇನ್ನೂ ಪೂರ್ತಿ ಏಳುವುದಿಲ್ಲ. ಫಿಸಿಯೋಥೆರಪಿ ನಡೆಯುತ್ತಿದೆ, ದುಡ್ಡಿನ ಚಿಂತೆಯೂ ಹಾಗೇ ಇದೆ. ಕಾಫಿ ಬೇಕಾದಾಗ ಒಂದೊಂದು ದಿನ 'ಬಸ್ಸು' ಅಂತಾರೆ. ತಾವೇ ಸಿಟ್ಟಾಗುತ್ತಾರೆ, ಆಮೇಲೆ ನಗುತ್ತಾರೆ. ಇದನ್ನೆಲ್ಲ ಕೇಳಿದ ಆಫೀಸಿನ ಗೆಳತಿ ತನ್ನ ಅಜ್ಜಿಯ ಕಥೆ ಹೇಳಿದಳು. ಮಕ್ಕಳ ಹೆಸರು ಮರೆತ ಮೇಲೂ ಅವರು ವಿಷ್ಣು ಸಹಸ್ರನಾಮ ತಪ್ಪಿಲ್ಲದೆ ಹೇಳುತ್ತಿದ್ದರಂತೆ. ಈಗ ಅವಳು ಸಿಕ್ಕಾಗಲೆಲ್ಲ, "ಅಪ್ಪ ಎಷ್ಟನೇ ಕೀರ್ತನೆಗೆ ಬಂದ್ರು?" ಅಂತ ಕೇಳುತ್ತಾಳೆ. ನೂರಿಪ್ಪತ್ತೊಂದು ನಡೀತಿದೆ. ಮಧ್ಯದಲ್ಲಿ ನಾನೇ ಒಂದು ಸಾಲು ಬಿಟ್ಟರೆ ಅಪ್ಪ ಎಡಗೈ ಎತ್ತಿ ನಿಲ್ಲಿಸುತ್ತಾರೆ.